ಬೆಂಗಳೂರು ಕರಗ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಯುಗಾದಿ ಮುಗಿದರೆ ಸಾಕು, ಕರಗದ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಆಫೀಸಿನ ಗೆಳೆಯರು ಕೇಳುತ್ತಾರೆ, ಊರಿಗೆ ಹೊಸದಾಗಿ ಬಂದವರು ಕೇಳುತ್ತಾರೆ, ದೂರದಲ್ಲಿರುವ ಓದುಗರು ಪತ್ರ ಬರೆದು ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ಸ್ವಲ್ಪ ಕಷ್ಟದವು ಆಮೇಲೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಕರಗ ನಡೆಸುವ ತಿಗಳ ಸಮುದಾಯದವನಲ್ಲ, ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬೆಳೆದವನು. ಬೀದಿಯಲ್ಲಿ ನಿಂತವನಿಗೆ ಗೊತ್ತಾಗುವಷ್ಟು, ಹಿರಿಯರು ಹೇಳಿದಷ್ಟು ಇಲ್ಲಿದೆ.

## ಮೊದಲ ಸಲ ಕೇಳುವವರಿಗೆ

ಕರಗ ಅಂದ್ರೆ ಏನು? ತಲೆ ಮೇಲೆ ಹೂವಿನ ಗೋಪುರ ಹೊತ್ಕೊಂಡು ಹೋಗ್ತಾರಲ್ಲ, ಅದಷ್ಟೇನಾ?

ಟಿವಿಯಲ್ಲಿ ತೋರಿಸುವುದು ಅದನ್ನೇ. ಆದರೆ ಅದು ಹಲವು ದಿನದ ಹಬ್ಬದ ಒಂದು ರಾತ್ರಿ. 2025ರಲ್ಲಿ ಏಪ್ರಿಲ್ 4ರಂದು ಧ್ವಜ ಏರಿತು, 14ರಂದು ಇಳಿಯಿತು. ನಡುವೆ ಆರತಿ ದೀಪಗಳ ರಾತ್ರಿ, ಹುಣ್ಣಿಮೆಗೆ ಎರಡು ದಿನ ಮೊದಲು ಹಸಿ ಕರಗ, ಪೊಂಗಲು ಸೇವೆ, ಆಮೇಲೆ ಹುಣ್ಣಿಮೆಯ ಕರಗ ಶಕ್ತ್ಯುತ್ಸವ, ಗಾವು ಪೂಜೆ, ಕೊನೆಗೆ ಓಕುಳಿ ಆಡುವ ವಸಂತೋತ್ಸವ. ಇಷ್ಟೂ ಸೇರಿದರೆ ಕರಗ.

ಆ ಹೂವಿನ ಗೋಪುರದ ಒಳಗೆ ಒಂದು ಕುಂಭ ಇರುತ್ತದೆ. ನಂಬುವವರಿಗೆ ಅದು ದ್ರೌಪದಿಯೇ, ಆದಿಶಕ್ತಿಯೇ. ಹೊತ್ತವರು ಅದನ್ನು ಕೈಯಿಂದ ಹಿಡಿದುಕೊಳ್ಳುವುದಿಲ್ಲ. ಒಂದು ಕೈಯಲ್ಲಿ ಬಾಕು, ಇನ್ನೊಂದು ಕೈಯಲ್ಲಿ ಕೋಲು. ರಾತ್ರಿಯಿಡೀ ತಲೆಯ ಮೇಲೆ ಕುಂಭ ನಿಂತಿರಬೇಕು, ಅದೂ ಕುಣಿಯುತ್ತಾ, ಓಡುತ್ತಾ, ಪೇಟೆಯ ಸಂದಿಗೊಂದಿಗಳಲ್ಲಿ ತಿರುಗುತ್ತಾ.

ಈ ವರ್ಷ ಯಾವತ್ತು ಅಂತ ಹೇಗೆ ತಿಳ್ಕೊಳ್ಳೋದು?

ಚೈತ್ರ ಮಾಸದ ಹುಣ್ಣಿಮೆ ರಾತ್ರಿ. ಯುಗಾದಿಯಾಗಿ ಸುಮಾರು ಎರಡು ವಾರಕ್ಕೆ ಬರುತ್ತದೆ. 2023ರಲ್ಲಿ ಏಪ್ರಿಲ್ 6, 2024ರಲ್ಲಿ ಏಪ್ರಿಲ್ 23, 2025ರಲ್ಲಿ ಏಪ್ರಿಲ್ 12. ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ಎರಡು ದಿನಕ್ಕೆ ಹಂಚಿಹೋಗಿದ್ದರೆ ದೇವಸ್ಥಾನದವರು ಹೇಳಿದ ದಿನವೇ ದಿನ. ರಜೆ ಹಾಕುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ.

ಮಹಾಭಾರತದ ದ್ರೌಪದಿಗೂ ಬೆಂಗಳೂರಿಗೂ ಏನು ಸಂಬಂಧ? ನಾನು ಓದಿದ ಕತೆಯಲ್ಲಿ ಇದೆಲ್ಲ ಇಲ್ವಲ್ಲ?

ಇದು ಸಮುದಾಯದ ಬಾಯಲ್ಲಿ ಉಳಿದು ಬಂದ ಕತೆ. ಯುದ್ಧವೆಲ್ಲ ಮುಗಿದು ಪಾಂಡವರು ಸ್ವರ್ಗದ ದಾರಿ ಹಿಡಿದಿದ್ದಾರೆ. ದ್ರೌಪದಿ ಹಿಂದೆ ಉಳಿದು ಮೂರ್ಛೆ ಹೋಗುತ್ತಾಳೆ. ಎಚ್ಚರವಾದಾಗ ಎದುರಿಗೆ ತಿಮಿರಾಸುರ. ಆಗ ಅವಳು ಶಕ್ತಿಯ ರೂಪ ತಾಳುತ್ತಾಳೆ, ತನ್ನ ಮೈಯಿಂದಲೇ ಒಂದು ಪಡೆ ಹುಟ್ಟಿಸುತ್ತಾಳೆ. ಹೆಗಲಿನಿಂದ ಹುಟ್ಟಿದವರು ವೀರಕುಮಾರರು. ಅಸುರ ಸತ್ತ ಮೇಲೆ ತಾಯಿ ಹೊರಟು ನಿಲ್ಲುತ್ತಾಳೆ. ಮಕ್ಕಳು ಬಿಡುವುದಿಲ್ಲ, ಹೋಗಬೇಡ ಅಂತ ಅಳುತ್ತಾರೆ. ವರ್ಷಕ್ಕೆ ಮೂರು ದಿನ ನಿಮ್ಮ ಜೊತೆ ಬಂದು ಇರುತ್ತೇನೆ ಅಂತ ಅವಳು ಮಾತು ಕೊಡುತ್ತಾಳೆ. ಆ ಮೂರು ದಿನವೇ ಹಸಿ ಕರಗದಿಂದ ಹುಣ್ಣಿಮೆವರೆಗಿನ ದಿನಗಳು.

ನನಗೆ ಈ ಕತೆ ಬಹಳ ಇಷ್ಟ. ನಾವು ಓದುವ ಮಹಾಭಾರತದ ಕೊನೆಯಲ್ಲಿ ದ್ರೌಪದಿ ದಾರಿಯಲ್ಲೇ ಬಿದ್ದು ಹೋಗುತ್ತಾಳೆ, ಗಂಡಂದಿರು ತಿರುಗಿಯೂ ನೋಡದೆ ಮುಂದೆ ನಡೆಯುತ್ತಾರೆ. ತಿಗಳರ ಪೇಟೆಯವರು ಅವಳನ್ನು ಅಲ್ಲಿ ಬಿಡಲಿಲ್ಲ. ಎಬ್ಬಿಸಿದರು, ಕೈಗೆ ಆಯುಧ ಕೊಟ್ಟರು, ತಾಯಿ ಅಂತ ಕರೆದು ಮನೆಗೆ ಕರೆದುಕೊಂಡು ಬಂದರು.

ದೇವಸ್ಥಾನ ಎಲ್ಲಿದೆ? ಉಳಿದ ದಿನಗಳಲ್ಲಿ ಹೋಗಬಹುದಾ?

ನಗರ್ತಪೇಟೆ–ತಿಗಳರಪೇಟೆ ಭಾಗದಲ್ಲಿದೆ, ಧರ್ಮರಾಯಸ್ವಾಮಿ ದೇವಸ್ಥಾನ. ಪಾಂಡವರಿಗೆ, ಅದರಲ್ಲೂ ಧರ್ಮರಾಯನಿಗೆ ಗುಡಿ ಇರುವುದೇ ಅಪರೂಪ. ಮಾಮೂಲಿ ದಿನಗಳಲ್ಲಿ ಆರಾಮಾಗಿ ಹೋಗಿ ಬರಬಹುದು. ಹಬ್ಬಕ್ಕೆ ಮುಂಚೆ ಒಮ್ಮೆ ಹೋಗಿ ನೋಡಿಕೊಂಡು ಬಂದರೆ ಕರಗದ ರಾತ್ರಿ ದಿಕ್ಕು ತಪ್ಪುವುದಿಲ್ಲ.

ತಿಗಳರು ಅಂದ್ರೆ ಯಾರು?

ವಹ್ನಿಕುಲ ಕ್ಷತ್ರಿಯರು ಅಂತ ತಮ್ಮನ್ನು ಕರೆದುಕೊಳ್ಳುತ್ತಾರೆ. ಅಗ್ನಿಯಿಂದ ಹುಟ್ಟಿದ ಕುಲ ಅನ್ನುವುದು ಅವರ ನಂಬಿಕೆ. ದ್ರೌಪದಿಯೂ ಅಗ್ನಿಯಿಂದ ಬಂದವಳು ಅಲ್ವಾ, ಹಾಗಾಗಿ ಅವಳು ಮನೆದೇವತೆ. ತಮಿಳು ಸೀಮೆಯಲ್ಲೂ ದ್ರೌಪದಿ ಅಮ್ಮನ ಗುಡಿಗಳಿವೆ, ಕೆಂಡ ಹಾಯುವ ಹಬ್ಬಗಳಿವೆ. ಆ ಕಡೆಯ ನಂಟು ಇವರ ಮಾತಿನಲ್ಲೂ ಉಳಿದಿದೆ. ಹಳೆಯ ಮನೆಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಮಾತು ಕೇಳಿಸುತ್ತದೆ.

ಕಸುಬಿನಿಂದ ಇವರು ತೋಟಗಾರರು. ಬೆಂಗಳೂರಿನ ಸುತ್ತ ಕೆರೆಯ ಕೆಳಗೆ ಹೂವು, ಸೊಪ್ಪು, ತರಕಾರಿ, ಹಣ್ಣು ಬೆಳೆದು ಊರಿಗೆ ಉಣ್ಣಿಸಿದವರು. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ ಮೇಲೆ ಅಲ್ಲಿನ ಮಣ್ಣಿನಲ್ಲೂ ಇವರ ಕೈ ಇದೆ. ಪಕ್ಕದ ಸಿದ್ದಾಪುರದ ನರ್ಸರಿಗಳು ಆ ಕಸುಬಿನ ಮುಂದುವರಿಕೆ. "ತೋಟಗಳ ಊರು" ಅಂತ ಬೆಂಗಳೂರಿಗೆ ಬಂದ ಹೆಸರಿನ ಹಿಂದೆ ದುಡಿದ ಜನರನ್ನು ಹುಡುಕಿಕೊಂಡು ಹೋದರೆ ಈ ಗುಡಿಯ ಬಾಗಿಲಿಗೇ ಬಂದು ನಿಲ್ಲುತ್ತೀರಿ.

## ನೋಡಲು ಬರುವವರಿಗೆ

ಎಷ್ಟು ಗಂಟೆಗೆ ಬಂದ್ರೆ ಸರಿ? ಪೇಪರಿನಲ್ಲಿ ಒಂದು ಹಾಕಿರ್ತಾರೆ, ನಡೆಯೋದು ಇನ್ನೊಂದು.

ಮಧ್ಯರಾತ್ರಿ ದಾಟಿದ ಮೇಲೆ ಅಂದುಕೊಂಡು ಬನ್ನಿ. ಗರ್ಭಗುಡಿಯೊಳಗಿನ ಶಾಸ್ತ್ರಗಳು ಮುಗಿದ ಮೇಲೇ ಕರಗ ಹೊರಗೆ ಬರುವುದು. ಅದಕ್ಕೆ ಗಡಿಯಾರ ಇಟ್ಟು ಹೇಳಲಾಗದು. ಕೆಲವು ವರ್ಷ ಹನ್ನೆರಡೂವರೆ, ಕೆಲವು ವರ್ಷ ಎರಡು, ಇನ್ನೂ ತಡವಾಗಿದ್ದೂ ಉಂಟು. ಮೊದಲು ಧರ್ಮರಾಯನ ರಥ ಹೊರಡುತ್ತದೆ. ಆಮೇಲೆ "ಗೋವಿಂದಾ, ಗೋವಿಂದಾ" ಅನ್ನುವ ಕೂಗು ಒಮ್ಮೆಲೇ ಏರುತ್ತದೆ. ಕರಗ ಬಂತು ಅಂತ ಆಗಲೇ ಗೊತ್ತಾಗುವುದು.

ಸಂಜೆ ಎಂಟು ಒಂಬತ್ತಕ್ಕೇ ಬಂದರೆ ಇನ್ನೊಂದು ಲಾಭವಿದೆ. ಊರಿನ ಬೇರೆ ಬೇರೆ ಗುಡಿಗಳಿಂದ ಹೂವಿನ ಪಲ್ಲಕ್ಕಿಗಳು, ಸೀರಿಯಲ್ ಲೈಟು ಹಾಕಿದ ರಥಗಳು ಪೇಟೆಗೆ ಬಂದು ಸೇರುತ್ತವೆ. ಅದನ್ನು ನೋಡುವುದಕ್ಕೇ ಒಂದು ರಾತ್ರಿ ಸಾಲದು.

ಎಲ್ಲಿ ನಿಂತ್ಕೊಂಡ್ರೆ ಚೆನ್ನಾಗಿ ಕಾಣುತ್ತೆ?

ಎಲ್ಲರೂ ದೇವಸ್ಥಾನದ ಮುಂದೆಯೇ ನಿಲ್ಲಬೇಕು ಅಂದುಕೊಳ್ಳುತ್ತಾರೆ. ಮೊದಲ ಸಲ ಬರುವವರಿಗೆ ನಾನು ಅದನ್ನು ಹೇಳುವುದಿಲ್ಲ. ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕರಗ ಕಣ್ಣಿಗೆ ಬೀಳುವುದು ಒಂದೇ ಕ್ಷಣ, ಸುತ್ತ ಎತ್ತಿ ಹಿಡಿದ ಮೊಬೈಲ್‌ಗಳೇ ಕಾಣುತ್ತವೆ.

ಬೆಳಗಿನ ಜಾವ ಯಾವುದಾದರೂ ಒಳಪೇಟೆಯಲ್ಲಿ ನಿಲ್ಲಿ. ಬಳೇಪೇಟೆ, ಅಕ್ಕಿಪೇಟೆ, ಕಬ್ಬನ್‌ಪೇಟೆ ಕಡೆ. ಮೂರು ಗಂಟೆಗೇ ಮನೆಯ ಹೆಂಗಸರು ಬೀದಿಗೆ ನೀರು ಹಾಕಿ ತೊಳೆಯುತ್ತಾರೆ, ರಂಗೋಲಿ ಬಿಡುತ್ತಾರೆ. ಅಂಗಡಿಯ ಷಟರ್ ಎದುರು ಮಣೆ ಇಟ್ಟು, ತಟ್ಟೆಯಲ್ಲಿ ಅರಿಶಿನ ಕುಂಕುಮ, ಕರ್ಪೂರ, ಒಂದು ಮೊರದ ತುಂಬ ಬಿಡಿ ಮಲ್ಲಿಗೆ. ಮಹಡಿ ಮೇಲೆ ಮಕ್ಕಳು ನಿದ್ದೆಗಣ್ಣಿನಲ್ಲಿ ಕೈಯಲ್ಲಿ ಹೂವು ಹಿಡಿದು ನಿಂತಿರುತ್ತಾರೆ. ದ್ರೌಪದಿಯ ಪಡೆಯಾಗಿ ಕತ್ತಿ ಹಿಡಿದು ಓಡುವ ವೀರಕುಮಾರರ ಸಾಲು ಮೊದಲು ಬರುತ್ತದೆ. ಹಿಂದೆಯೇ ಕರಗ. ಮೇಲಿನಿಂದ ಮಲ್ಲಿಗೆ ಸುರಿಯುತ್ತದೆ. ಒದ್ದೆ ನೆಲದ ಮೇಲೆ ಬಿದ್ದ ಹೂವು ಬರಿಗಾಲಿನಡಿ ಅರೆದು, ಆ ವಾಸನೆ ಕರ್ಪೂರದ ಹೊಗೆಯ ಜೊತೆ ಬೀದಿ ಪೂರ್ತಿ ತುಂಬಿಕೊಳ್ಳುತ್ತದೆ. ಒಂದೇ ನಿಮಿಷ. ಆದರೆ ಒಂದು ಮನೆಯವರ ಪಕ್ಕ ನಿಂತು ನೋಡಿದ ನಿಮಿಷ ಅದು.

ಪಕ್ಕದಲ್ಲಿರುವವರನ್ನು "ಅಮ್ಮಾ, ಇಲ್ಲಿ ನಿಂತ್ಕೊಳ್ಳಬಹುದಾ?" ಅಂತ ಕೇಳಿ ನೋಡಿ. ಜಾಗ ಬಿಡುತ್ತಾರೆ, ಕೈಗೆ ಒಂದು ಹಿಡಿ ಹೂವೂ ಕೊಡುತ್ತಾರೆ.

ವಾಹನ ಎಲ್ಲಿ ನಿಲ್ಲಿಸೋದು?

ತರಲೇಬೇಡಿ. ಪೇಟೆಯ ರಸ್ತೆಗಳು ಬಂದ್ ಇರುತ್ತವೆ. ಮೆಟ್ರೊ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯಿರಿ. ರಾತ್ರಿ ಮೆಟ್ರೊ ನಿಂತುಹೋಗುತ್ತದೆ, ಬೆಳಿಗ್ಗೆ ಮತ್ತೆ ಶುರುವಾಗುವವರೆಗೂ ಪೇಟೆಯಲ್ಲೇ ಇರುವ ತಯಾರಿ ಮಾಡಿಕೊಂಡು ಬನ್ನಿ.

ನಮ್ಮಮ್ಮನಿಗೆ ಎಪ್ಪತ್ತೈದು ವರ್ಷ, ನೋಡಲೇಬೇಕು ಅಂತಾರೆ. ಚಿಕ್ಕ ಮಕ್ಕಳೂ ಇದ್ದಾರೆ. ಕರ್ಕೊಂಡು ಬರಬಹುದಾ?

ಖಂಡಿತ ಬನ್ನಿ, ಆದರೆ ಹುಣ್ಣಿಮೆಯ ಮಧ್ಯರಾತ್ರಿ ಬೇಡ. ಆರತಿ ದೀಪಗಳ ದಿನ ಕರೆದುಕೊಂಡು ಬನ್ನಿ. ಸಮುದಾಯದ ಹೆಂಗಸರು ಹೂವಿನಿಂದ ಅಲಂಕಾರ ಮಾಡಿದ ಆರತಿಗಳನ್ನು ತಲೆ ಮೇಲೆ ಹೊತ್ತು ದೇವಸ್ಥಾನಕ್ಕೆ ಬರುತ್ತಾರೆ. ನೋಡಲು ಅಷ್ಟೇ ಚೆಂದ, ನೂಕುನುಗ್ಗಲು ಕಡಿಮೆ. ಹುಣ್ಣಿಮೆಯ ದಿನವೇ ನೋಡಬೇಕು ಅಂದರೆ ಪೇಟೆಯಲ್ಲಿರುವ ಪರಿಚಯದವರ ಮನೆಯ ಮಹಡಿಯಾದರೆ ಒಳ್ಳೆಯದು. ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ.

ಫೋಟೋ, ವಿಡಿಯೋ ತೆಗಿಬಹುದಾ?

ಬೀದಿಯಲ್ಲಿ ತೆಗೆಯಬಹುದು. ಮುಖಕ್ಕೆ ಫ್ಲಾಷ್ ಹೊಡೆಯಬೇಡಿ. ರಾತ್ರಿಯಿಡೀ ತಲೆಯ ಮೇಲೆ ಕುಂಭ ಹೊತ್ತವರ ಕಣ್ಣಿಗೆ ಬೆಳಕು ಬಡಿದರೆ ಏನಾಗುತ್ತದೆ ಅಂತ ಯೋಚಿಸಿ. ವೀರಕುಮಾರರ ಸಾಲಿನ ನಡುವೆ ನುಗ್ಗಬೇಡಿ, ಅವರ ಕೈಯಲ್ಲಿರುವುದು ನಿಜವಾದ ಕತ್ತಿ. ಒಳಗಿನ ಶಾಸ್ತ್ರಗಳನ್ನು, ಹಸಿ ಕರಗದ ಪೂಜೆಯನ್ನು ತೆಗೆಯಬೇಡಿ ಅಂದರೆ ಅಲ್ಲಿಗೆ ಬಿಟ್ಟುಬಿಡಿ. ಫೋನ್ ಕೆಳಗಿಟ್ಟು ಐದು ನಿಮಿಷ ಸುಮ್ನೆ ನೋಡಿ ಅನ್ನುವುದು ನನ್ನ ಬೇಡಿಕೆ.

ನಾನು ಹಿಂದೂ ಅಲ್ಲ. ಬಂದ್ರೆ ಯಾರಾದ್ರೂ ಏನಾದ್ರೂ ಅಂತಾರಾ?

ಯಾರೂ ಏನೂ ಅನ್ನುವುದಿಲ್ಲ. ಕರಗ ಹೋಗುವ ದಾರಿಯಲ್ಲಿ ಎಲ್ಲ ಧರ್ಮದವರ ಮನೆಯಿದೆ, ಅಂಗಡಿಯಿದೆ. ಕರಗವೇ ದರ್ಗಾಕ್ಕೆ ಹೋಗುತ್ತದೆ. ಅದರ ವಿವರ ಮುಂದೆ ಇದೆ.

## ಆಚರಣೆಯ ಬಗ್ಗೆ

ಗಂಡಸರು ಸೀರೆ ಉಟ್ಟು, ಬಳೆ ತೊಟ್ಟು ಕರಗ ಹೊರೋದು ಯಾಕೆ?

ಆ ಹೊತ್ತಿಗೆ ಅವರು ದ್ರೌಪದಿ. ಅರಿಶಿನ ಬಣ್ಣದ ಸೀರೆ, ಕುಪ್ಪಸ, ಕೈ ತುಂಬ ಬಳೆ, ಕಣ್ಣಿಗೆ ಕಾಡಿಗೆ, ಕೊರಳಲ್ಲಿ ತಾಳಿ. ಇದನ್ನು ವೇಷ ಅಂತ ನೋಡಬೇಡಿ. ನೋಡುವ ಜನ ಕೈ ಮುಗಿಯುವುದು ತಾಯಿಗೆ.

ಕರಗ ಹೊರುವ ಅವಕಾಶ ಸಮುದಾಯದ ಪೂಜಾರಿ ಮನೆತನದವರಿಗೆ. ಹೊರುವವರು ತಿಂಗಳುಗಟ್ಟಲೆ ಮೊದಲೇ ತಯಾರಿ ಶುರು ಮಾಡುತ್ತಾರೆ. ವ್ಯಾಯಾಮ, ಊಟದ ಕಟ್ಟುನಿಟ್ಟು, ಬ್ರಹ್ಮಚರ್ಯ. ಹಬ್ಬದ ದಿನಗಳಲ್ಲಿ ಮನೆ ಬಿಟ್ಟು ದೇವಸ್ಥಾನದಲ್ಲೇ ಇರುತ್ತಾರೆ.

ಅವರ ಹೆಂಡತಿ ತಾಳಿ ಬಿಚ್ಚಿ ಕೊಡ್ತಾರಂತೆ, ನಿಜಾನಾ?

ನಿಜ. ಹೆಂಡತಿಯ ತಾಳಿ, ಬಳೆ ಗಂಡನ ಮೈಮೇಲೆ ಬರುತ್ತವೆ. ಹಬ್ಬ ಮುಗಿಯುವ ತನಕ ಅವರು ಗಂಡನನ್ನು ನೋಡುವ ಹಾಗಿಲ್ಲ, ಕರಗವನ್ನೂ ನೋಡುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ಮತ್ತೆ ತಾಳಿ ಕಟ್ಟಿಸಿಕೊಳ್ಳುತ್ತಾರೆ.

ಲಕ್ಷಾಂತರ ಜನ ನೋಡುವ ಹಬ್ಬ, ಅದನ್ನು ನೋಡದೆ ಉಳಿಯುವವರು ಅವರೊಬ್ಬರು. ಕರಗ ಹೊತ್ತವರ ಫೋಟೋ ಎಲ್ಲ ಪತ್ರಿಕೆಯಲ್ಲೂ ಬರುತ್ತದೆ. ಮನೆಯೊಳಗೆ ಕೂತ ಈ ತಾಯಂದಿರ ವ್ರತದ ಬಗ್ಗೆ ನಾವು ಇನ್ನೂ ಜಾಸ್ತಿ ಮಾತಾಡಬೇಕು ಅಂತ ನನಗೆ ಅನ್ನಿಸುತ್ತದೆ.

ಆ ಕುಂಭದೊಳಗೆ ಏನಿರುತ್ತೆ?

ಅದು ಸಮುದಾಯದ ಗುಟ್ಟು. ಗೊತ್ತಿದ್ದವರು ಹೇಳುವುದಿಲ್ಲ, ಹೇಳಿದವರಿಗೆ ಗೊತ್ತಿರುವುದಿಲ್ಲ. ಹಸಿ ಮಣ್ಣಿನಿಂದ ಮಾಡಿದ ಕುಂಭ, ಅಷ್ಟನ್ನು ಎಲ್ಲರೂ ಹೇಳುತ್ತಾರೆ. ಇನ್ನೂ ಕೆದಕಬೇಡಿ. ತಿಳಿಯದೆ ಉಳಿದರೂ ಹಬ್ಬದಲ್ಲಿ ನಮಗೆ ಏನೂ ಕಡಿಮೆಯಾಗುವುದಿಲ್ಲ.

ಕತ್ತಿ ಹಿಡಿದವರು ಎದೆಗೆ ಹೊಡ್ಕೊಳ್ತಾರಲ್ಲ, ಅವರು ಯಾರು? ಕರಗ ಬಿದ್ರೆ ಹೊತ್ತವರನ್ನ ಕಡೀತಾರಂತೆ?

ಅವರು ವೀರಕುಮಾರರು. ದ್ರೌಪದಿಯ ಪಡೆ. ತಲೆಗೆ ಪೇಟ, ಬರಿ ಮೈ, ಕೈಯಲ್ಲಿ ಒರೆ ಕಳಚಿದ ಕತ್ತಿ. ದೀಕ್ಷೆ ತೆಗೆದುಕೊಂಡು, ಉಪವಾಸ ಮಾಡಿ, ರಾತ್ರಿಯಿಡೀ ಕರಗದ ಹಿಂದೆ ಮುಂದೆ ಕಾವಲಿಗೆ ಓಡುತ್ತಾರೆ. "ದಿಕ್ ದೀ, ದಿಕ್ ದೀ" ಅನ್ನುತ್ತಾ ಕತ್ತಿಯಿಂದ ಎದೆಗೆ ಹೊಡೆದುಕೊಳ್ಳುವುದು ಅಲಗು ಸೇವೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಿಂದ, ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ. ಮರುದಿನ ಅವರಲ್ಲಿ ಒಬ್ಬರು ಬ್ಯಾಂಕಿನಲ್ಲಿ ಇರುತ್ತಾರೆ, ಇನ್ನೊಬ್ಬರು ಆಟೊ ಓಡಿಸುತ್ತಿರುತ್ತಾರೆ, ಕಾಲೇಜು ಹುಡುಗರು ಪರೀಕ್ಷೆಗೆ ಓದುತ್ತಿರುತ್ತಾರೆ.

ಕರಗ ಜಾರಿದರೆ ಹೊತ್ತವರಿಗೆ ಕತ್ತಿ ಹಾಕಬೇಕು ಅನ್ನುವ ಮಾತು ಹಳೆಯ ನಂಬಿಕೆ. ಎಲ್ಲರೂ ಮೊದಲು ಕೇಳುವುದೂ ಇದನ್ನೇ. ಸಾಲಿನಲ್ಲಿ ಓಡುವವರ ಮುಖ ನೋಡಿ. ಕರಗದ ಪೂಜಾರಿಗೆ ದಾರಿ ಬಿಡಿಸುವುದು, ಜನ ಮೇಲೆ ಬೀಳದಂತೆ ತಡೆಯುವುದು, ಅವರ ಕಣ್ಣು ಇರುವುದೆಲ್ಲ ಅದರ ಮೇಲೆ.

ಹಸಿ ಕರಗ ಅಂತ ಇನ್ನೊಂದು ಇದೆಯಲ್ಲ, ಅದು ಬೇರೇನಾ?

ಹುಣ್ಣಿಮೆಗೆ ಎರಡು ದಿನ ಮೊದಲು, ತ್ರಯೋದಶಿ ರಾತ್ರಿ ನಡೆಯುವುದು ಹಸಿ ಕರಗ. ಸಂಪಂಗಿ ಕೆರೆಯ ಹತ್ತಿರದಿಂದ ಶಕ್ತಿಯನ್ನು ಕರೆದುಕೊಂಡು ದೇವಸ್ಥಾನಕ್ಕೆ ಬರುತ್ತಾರೆ. ಜನ ಕಡಿಮೆ, ಮಾತೂ ಕಡಿಮೆ. ಸಮುದಾಯದ ಹಿರಿಯರನ್ನು ಕೇಳಿದರೆ ಹಬ್ಬದ ಜೀವ ಇದೇ ಅನ್ನುತ್ತಾರೆ.

## ಊರು, ಜನ, ಚರಿತ್ರೆ

ಸಂಪಂಗಿ ಕೆರೆ ಅಂದ್ರಲ್ಲ, ಅಲ್ಲಿ ಈಗ ಕೆರೆ ಎಲ್ಲಿದೆ? ಸ್ಟೇಡಿಯಂ ಅಲ್ವಾ ಇರೋದು?

ಹೌದು, ಈಗಿನ ಕಂಠೀರವ ಕ್ರೀಡಾಂಗಣ ಇರುವ ಜಾಗ ಒಂದು ಕಾಲಕ್ಕೆ ಆ ಕೆರೆಯ ಅಂಗಳ. ಪೇಟೆಗೂ ದಂಡಿಗೂ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿಗೂ, ನಡುವೆ ಇದ್ದ ದೊಡ್ಡ ನೀರು. ಸುತ್ತ ತಿಗಳರ ತೋಟ. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಕೆರೆಯ ನೀರು ಕುಡಿಯುವ ಅಗತ್ಯ ಊರಿಗೆ ತಪ್ಪಿತು. ಆಮೇಲೆ ಮೆಲ್ಲಮೆಲ್ಲನೆ ಕೆರೆ ಒಣಗಿತು, ಮೈದಾನವಾಯಿತು, ಕ್ರೀಡಾಂಗಣವಾಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆದದ್ದೂ ಇದೇ ದಾರಿಯಲ್ಲಿ.

ಸಂಪಂಗಿ ಕೆರೆಯಲ್ಲಿ ಇವತ್ತು ಉಳಿದಿರುವುದು ಒಂದು ಚಿಕ್ಕ ಕೊಳ. ಅದು ಉಳಿದಿರುವುದು ಕರಗದಿಂದ. ಪೂಜೆಗೆ ಅಲ್ಲಿಗೇ ಬರಬೇಕು ಅಂತ ಸಮುದಾಯ ಹಿಡಿದು ನಿಲ್ಲದಿದ್ದರೆ ಅದಕ್ಕೂ ಮಣ್ಣು ಬೀಳುತ್ತಿತ್ತು. ಕೆರೆ ಉಳಿಸಿ ಅಂತ ನಾವು ಇವತ್ತು ಕೂಗುತ್ತೇವೆ. ಇವರು ವರ್ಷಕ್ಕೊಮ್ಮೆ ಅದೇ ನೀರಿನ ದಡಕ್ಕೆ ಹೋಗಿ ನಿಂತು ಆ ಕೆಲಸ ಮಾಡಿಕೊಂಡು ಬಂದಿದ್ದಾರೆ.

ಕರಗ ದರ್ಗಾಕ್ಕೆ ಹೋಗೋದು ಯಾಕೆ? ಇದು ಈಚೆಗೆ ಶುರು ಮಾಡಿದ್ದಾ?

ಈಚಿನದಲ್ಲ. ನಮ್ಮ ಅಜ್ಜಂದಿರ ಕಾಲಕ್ಕೂ ಅದು ಹಳೆಯ ಪದ್ಧತಿಯೇ. ಅರಳೆಪೇಟೆಯಲ್ಲಿ, ಅಂದರೆ ಕಾಟನ್‌ಪೇಟೆಯಲ್ಲಿ, ಹಜರತ್ ತವಕ್ಕಲ್ ಮಸ್ತಾನ್ ಅವರ ದರ್ಗಾ ಇದೆ. ಹೈದರ್, ಟಿಪ್ಪು ಕಾಲದ ಸೂಫಿ ಸಂತರು ಅಂತ ಹೇಳುತ್ತಾರೆ. ಕರಗ ಅಲ್ಲಿಗೆ ಹೋಗಲು ಶುರುವಾದದ್ದರ ಬಗ್ಗೆ ಒಂದಕ್ಕಿಂತ ಹೆಚ್ಚು ಕತೆಗಳಿವೆ. ಸಂತರಿಗೆ ಕರಗದ ಮೇಲೆ ಭಕ್ತಿ ಇತ್ತು, ನನ್ನ ಜಾಗಕ್ಕೂ ಬಂದು ಹೋಗಲಿ ಅಂತ ಕೇಳಿಕೊಂಡರು ಅನ್ನುವುದು ಒಂದು. ಮೆರವಣಿಗೆಯ ನೂಕುನುಗ್ಗಲಿನಲ್ಲಿ ಅವರಿಗೆ ಗಾಯವಾಯಿತು, ಅಂದಿನಿಂದ ಈ ನಂಟು ಅನ್ನುವುದು ಇನ್ನೊಂದು.

ನಡೆಯುವುದು ಇಷ್ಟು: ಬೆಳಗಿನ ಜಾವಕ್ಕೆ ಮುಂಚೆ ಕರಗ ದರ್ಗಾದೊಳಗೆ ಬರುತ್ತದೆ. ದರ್ಗಾದವರು ಲೋಬಾನದ ಧೂಪ ಹಾಕಿ ಕಾದಿರುತ್ತಾರೆ. ನಿಂಬೆಹಣ್ಣು ಕೈ ಬದಲಾಗುತ್ತದೆ. ಪ್ರಾರ್ಥನೆಯಾಗುತ್ತದೆ. ಕರಗ ಮುಂದೆ ಹೊರಡುತ್ತದೆ. ಅಲ್ಲಿ ಭಾಷಣ ಇಲ್ಲ, ವೇದಿಕೆ ಇಲ್ಲ. ಆ ನಿಂಬೆಹಣ್ಣನ್ನು ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯುವವರಲ್ಲಿ ಎರಡೂ ಕಡೆಯವರು ಇರುತ್ತಾರೆ.

2022ರಲ್ಲಿ ದರ್ಗಾ ವಿಷಯಕ್ಕೆ ಗಲಾಟೆ ಆಯ್ತಲ್ಲ, ಕೊನೆಗೆ ಏನಾಯ್ತು?

ಆ ವರ್ಷ ಕೆಲವು ಸಂಘಟನೆಗಳು ಕರಗ ದರ್ಗಾಕ್ಕೆ ಹೋಗಕೂಡದು ಅಂತ ಒತ್ತಾಯ ಮಾಡಿದವು. ದೇವಸ್ಥಾನದ ಸಮಿತಿ, ಸಮುದಾಯದ ಹಿರಿಯರು ಒಪ್ಪಲಿಲ್ಲ. ತಲೆತಲಾಂತರದಿಂದ ನಡೆದದ್ದು ನಡೆಯುತ್ತದೆ ಅಂದರು. ದರ್ಗಾದ ಕಡೆಯವರು ದೇವಸ್ಥಾನಕ್ಕೆ ಬಂದು ಕರಗವನ್ನು ಕರೆದು ಹೋದರು. ಏಪ್ರಿಲ್ 16ರ ರಾತ್ರಿ ಹೊರಟ ಕರಗ ದರ್ಗಾಕ್ಕೆ ಹೋಯಿತು.

ನನ್ನ ಅಭಿಪ್ರಾಯ ಕೇಳುವವರಿಗೆ: ಹಬ್ಬ ಯಾರದೋ ಅವರು ತೀರ್ಮಾನ ಮಾಡಿದರು, ಸರಿಯಾಗಿಯೇ ಮಾಡಿದರು. ಹೊರಗಿನವರು ದಾರಿ ಬದಲಿಸಿ ಅನ್ನುವುದಕ್ಕೆ ಅವರು ಬಗ್ಗಲಿಲ್ಲ ಅನ್ನುವುದು ಈ ಊರಿನವನಾಗಿ ನನಗೆ ಹೆಮ್ಮೆ.

ತಿಗಳರ ಹಬ್ಬ ಅಂತೀರಿ, ಊರ ಹಬ್ಬ ಅಂತಲೂ ಅಂತೀರಿ. ಉಳಿದವರದು ಇದರಲ್ಲಿ ಏನು ಪಾಲು?

ಪೇಟೆಯ ಹೆಸರುಗಳನ್ನು ಒಮ್ಮೆ ಓದಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ ಬೆಳೆಯಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಗೊಲ್ಲರಪೇಟೆ, ನಗರ್ತಪೇಟೆ. ಕಬ್ಬನ್‌ಪೇಟೆಯಲ್ಲಿ ನೇಕಾರರ ಮಗ್ಗಗಳು. ಚಿಕ್ಕಪೇಟೆಯಲ್ಲಿ ರಾಜಸ್ಥಾನ, ಗುಜರಾತಿನಿಂದ ಬಂದು ನೆಲೆಸಿದ ಬಟ್ಟೆ ವ್ಯಾಪಾರಿಗಳು. ಕರಗ ಒಂದು ರಾತ್ರಿಯಲ್ಲಿ ಈ ಬೀದಿಗಳನ್ನು ಒಂದರ ಹಿಂದೊಂದು ಮುಟ್ಟುತ್ತದೆ. ದಾರಿಯಲ್ಲಿ ಆಂಜನೇಯನ ಗುಡಿಗಳಿವೆ, ಅಮ್ಮನವರ ಗುಡಿಗಳಿವೆ, ಪ್ರತಿಯೊಂದು ಕಡೆ ಪೂಜೆ ಆಗಲೇಬೇಕು.

ಪೂಜೆಯ ಹಕ್ಕು ತಿಗಳ ಸಮುದಾಯದ್ದು. ಗೌಡರು, ಗಣಾಚಾರಿ, ಗಂಟೆ ಪೂಜಾರಿ ಅಂತ ಒಂದೊಂದು ಕೆಲಸಕ್ಕೆ ಒಂದೊಂದು ಮನೆತನ ಇದೆ. ಉಳಿದ ಪೇಟೆಯವರು ಅದರಲ್ಲಿ ಕೈ ಹಾಕುವುದಿಲ್ಲ. ನಮ್ಮ ಪಾಲಿನ ಕೆಲಸ ಬೇರೆ. ಬೀದಿ ತೊಳೆಯುವುದು, ಚಪ್ಪರ ಹಾಕುವುದು, ರಾತ್ರಿಯಿಡೀ ಬಂದವರಿಗೆ ಪಾನಕ, ಮಜ್ಜಿಗೆ, ಕೋಸಂಬರಿ, ಪುಳಿಯೋಗರೆ ಹಂಚುವುದು. ಸಕ್ಕರೆ ಮಂಡಿಯವರು ಪಾನಕಕ್ಕೆ ಬೆಲ್ಲ ಕಳಿಸುತ್ತಾರೆ, ಬಟ್ಟೆ ಅಂಗಡಿಯವರು ನೀರಿನ ಕ್ಯಾನ್ ಇಡುತ್ತಾರೆ. ಯಾರು ಯಾವ ಜಾತಿ, ಯಾವ ಭಾಷೆ ಅಂತ ಲೋಟ ಕೊಡುವವರು ಕೇಳುವುದಿಲ್ಲ. ಬೆಂಗಳೂರಿನ ಬಹುಭಾಷೆ, ಬಹುಧರ್ಮದ ಬಗ್ಗೆ ಎಷ್ಟೋ ಸಮ್ಮೇಳನಗಳು ಆಗುತ್ತವೆ. ನನಗೆ ಅದು ಕಣ್ಣಿಗೆ ಕಂಡದ್ದು ಈ ಪಾನಕದ ಮೇಜಿನ ಹಿಂದೆ ನಿಂತಾಗ.

ಕೊರೊನಾ ಟೈಮಲ್ಲಿ ಕರಗ ನಿಂತಿತ್ತಾ?

2020, 2021ರಲ್ಲಿ ಮೆರವಣಿಗೆ ಇರಲಿಲ್ಲ. ಶಾಸ್ತ್ರಗಳು ದೇವಸ್ಥಾನದ ಮಟ್ಟಿಗೆ, ಬೆರಳೆಣಿಕೆಯ ಜನರ ನಡುವೆ ನಡೆದವು. 2022ರಲ್ಲಿ ಮತ್ತೆ ಬೀದಿಗೆ ಬಂತು. ಮಹಡಿ ಮೇಲೆ ನಿಂತ ಎಷ್ಟೋ ಜನ ಆವತ್ತು ಕರಗ ನೋಡಿ ಅತ್ತರು.

ಮಡಿಕೇರಿ ಕರಗವೂ ಇದೂ ಒಂದೇನಾ? ಬೇರೆ ಊರಲ್ಲೂ ಕರಗ ಇದೆಯಲ್ಲ?

ಮಡಿಕೇರಿಯದು ಬೇರೆ. ಅದು ದಸರೆಯ ಹೊತ್ತಿಗೆ. ಅಲ್ಲಿನ ನಾಲ್ಕು ಮಾರಿಯಮ್ಮ ಗುಡಿಗಳಿಂದ ನಾಲ್ಕು ಕರಗ ಹೊರಡುತ್ತವೆ. ಊರಿಗೆ ಬಂದ ರೋಗ ಹೋಗಲಿ ಅಂತ ಶುರುವಾದದ್ದು ಅಂತ ಅಲ್ಲಿಯವರು ಹೇಳುತ್ತಾರೆ.

ಬೆಂಗಳೂರಿನ ಹಾಗೆ ಧರ್ಮರಾಯ, ದ್ರೌಪದಿಯ ಕರಗ ಹೊಸಕೋಟೆ, ಆನೇಕಲ್, ಮಾಲೂರು, ಕೋಲಾರದ ಕಡೆಯೂ ನಡೆಯುತ್ತದೆ. ಬೇರೆ ಬೇರೆ ತಿಥಿಗೆ. ಬೆಂಗಳೂರಿನ ಜನಜಂಗುಳಿ ಆಗದವರು ಅಲ್ಲಿಗೆ ಹೋಗಿ ನೋಡಿ, ಹತ್ತಿರದಿಂದ ಕಾಣುತ್ತದೆ.

ನಾವು ವಿದೇಶದಲ್ಲಿದ್ದೇವೆ. ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಕರಗ ಮಾಡಬೇಕು ಅಂತಿದೆ. ತಪ್ಪಾಗುತ್ತಾ?

ಈ ಪ್ರಶ್ನೆ ಈಚೆಗೆ ಜಾಸ್ತಿ ಬರುತ್ತಿದೆ. ಕರಗ ಕುಣಿತ ಅನ್ನುವ ಜನಪದ ಕಲೆ ಬೇರೆಯೇ ಇದೆ. ತಲೆ ಮೇಲೆ ಅಲಂಕಾರದ ಬಿಂದಿಗೆ ಇಟ್ಟುಕೊಂಡು ತಮಟೆಗೆ ಹೆಜ್ಜೆ ಹಾಕುವುದು. ಗಂಡಸರು, ಹೆಂಗಸರು, ಮಕ್ಕಳು ಯಾರು ಬೇಕಾದರೂ ಕಲಿತು ವೇದಿಕೆ ಮೇಲೆ ಮಾಡಬಹುದು. ಅದನ್ನು ಧಾರಾಳವಾಗಿ ಮಾಡಿ.

ಆದರೆ ಮಲ್ಲಿಗೆಯ ಗೋಪುರ, ಅರಿಶಿನದ ಸೀರೆ, ಕತ್ತಿ ಹಿಡಿದ ವೀರಕುಮಾರರು, "ಇದೇ ಬೆಂಗಳೂರು ಕರಗ" ಅಂತ ಬೋರ್ಡು, ಇದು ಬೇಡ. ಒಂದು ಸಮುದಾಯ ವ್ರತ ಹಿಡಿದು, ಒಂದು ಮನೆಯವರು ತಾಳಿ ಬಿಚ್ಚಿಕೊಟ್ಟು ಮಾಡುವ ಕೆಲಸವನ್ನು ಹತ್ತು ನಿಮಿಷದ ಐಟಂ ಮಾಡಿದರೆ ಅವರಿಗೆ ನೋವಾಗುತ್ತದೆ. ಕರಗದ ಬಗ್ಗೆ ಮಕ್ಕಳಿಗೆ ತಿಳಿಸಬೇಕು ಅಂದರೆ ದ್ರೌಪದಿಯ ಕತೆ ಹೇಳಿ, ಪೇಟೆಯ ನಕ್ಷೆ ಬಿಡಿಸಿ ಕರಗ ಎಲ್ಲೆಲ್ಲಿ ಹೋಗುತ್ತದೆ ಅಂತ ತೋರಿಸಿ. ನಿಮ್ಮ ಸಂಘದಲ್ಲೇ ತಿಗಳ ಸಮುದಾಯದ ಕುಟುಂಬ ಇದ್ದರೆ ಅವರನ್ನು ಕೇಳಿ, ಅವರೇ ಮಾತಾಡಲಿ. ಮುಂದಿನ ಸಲ ರಜೆಗೆ ಊರಿಗೆ ಬರುವಾಗ ಚೈತ್ರ ಹುಣ್ಣಿಮೆ ನೋಡಿಕೊಂಡು ಟಿಕೆಟ್ ಮಾಡಿಸಿ.